ಗಿಟಾರಿನ ಡಬ್ಬಿಯ ಮೇಲೆ ಹೊರಿಸಿದ ತಪ್ಪು

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದಾಗ ನಾನು ಹೊಸದುರ್ಗದ ಒಂದು ಸಭಾಭವನದಲ್ಲಿ, ವೇದಿಕೆಯ ಪಕ್ಕ ಕುಳಿತಿದ್ದೆ. ಸೌಂಡಿನವರು ನನಗೆ ಕೊಡಬೇಕಾದ ಇಯರ್‌ಫೋನನ್ನು ಹತ್ತಿಯಿಂದ ಒರೆಸುತ್ತಿದ್ದರು. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸಲೆಂದು ಈಗ ಎಲ್ಲ ಕಡೆ ಇದನ್ನು ಕಿವಿಯೊಳಗೆ ಸಿಕ್ಕಿಸುತ್ತಾರೆ. ಅಂದು ನಮ್ಮ ಹಳೆಯ ಆರ್ಕೆಸ್ಟ್ರಾದ ಯಜಮಾನರಿಗೆ ಸನ್ಮಾನ. ಅವರ ತಂಡದಲ್ಲಿ ಬಹಳ ವರ್ಷ ಹಾಡಿದವಳೆಂದು ಸಂಘಟಕರು ನನ್ನನ್ನೂ ಕರೆದಿದ್ದರು. ಒಂದೆರಡು ಹಾಡು, ಒಂದೆರಡು ಮಾತು, ಅಷ್ಟೇ ಅಂದಿದ್ದರು. ಆ ವಾಸನೆ ಬಾರದಿದ್ದರೆ ಬಹುಶಃ ಹಾಗೇ ಹಾಡಿ, ಹೊಗಳಿ, ಊಟ ಮಾಡಿ ಬರುತ್ತಿದ್ದೆ...

ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಚಿಕ್ಕಜಾಜೂರಿನವರು. ಅವರ ತಂದೆ ರೈಲ್ವೆಯಲ್ಲಿದ್ದರು. ಎತ್ತರದ ಆಳು, ಮಾತು ಕಮ್ಮಿ, ಸಿಟ್ಟು ಬಂದರೆ ಇನ್ನೂ ಕಮ್ಮಿ. ಡ್ರಮ್ಸ್ ಪಕ್ಕದಲ್ಲೇ ನಿಂತು ನಿಂತು ಅವರ ಎಡಗಿವಿ ಆಗಲೇ ಮಂದವಾಗಿತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ. ಟೆಂಪೋದಲ್ಲಿ ಯಾವಾಗಲೂ ಎಡಗಡೆ ಕಿಟಕಿಗೆ ಕೂತು, ಬಲಗಿವಿಯನ್ನು ನಮ್ಮ ಕಡೆ ಕೊಡುತ್ತಿದ್ದುದರಿಂದ ನನಗೆ ಗೊತ್ತಾಯಿತು. ಕೇಳಿದಾಗ ಸುಮ್ಮನೆ ನಕ್ಕರು.

ಆ ದಿನಗಳಲ್ಲಿ ನನ್ನ ದನಿ ಕೆಡುತ್ತಾ ಬಂದಿತ್ತು. ಹಾಡುವವರ ಕಾಲ ಬುಡದಲ್ಲಿ ಒಂದು ಸ್ಪೀಕರ್ ಇಡುತ್ತಿದ್ದರು. ಡ್ರಮ್ಸ್, ಕೀಬೋರ್ಡು, ಪ್ಯಾಡು ಎಲ್ಲ ಅದರಲ್ಲಿ ಕೇಳುತ್ತಿದ್ದವು, ನನ್ನ ದನಿಯೊಂದನ್ನು ಬಿಟ್ಟು. ತನ್ನ ದನಿ ತನಗೆ ಕೇಳದವರು ಏನು ಮಾಡುತ್ತಾರೆ? ಕಿರುಚುತ್ತಾರೆ. ಹೀಗೇ ಕಿರುಚಿದರೆ ದನಿ ಪೂರ್ತಿ ಹೋಗುತ್ತದೆ ಎಂದು ಚಿತ್ರದುರ್ಗದ ಡಾಕ್ಟರು ಎಚ್ಚರಿಸಿದ್ದರು. ಯಜಮಾನರ ಬಳಿ ಕಿವಿಗೆ ಹಾಕುವ ವೈರ್‌ಲೆಸ್ ಸೆಟ್ಟು ಇತ್ತು. ಆದರೆ ಅದು ಬೆಂಗಳೂರಿನಿಂದ ಬರುವ ಅತಿಥಿ ಗಾಯಕರಿಗೆ ಮೀಸಲು. ಅವರಿಲ್ಲದ ದಿನ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿತ್ತು. ಒಮ್ಮೆ ಬಾಯಿಬಿಟ್ಟು ಕೇಳಿದೆ.

‘ತನ್ನ ದನಿ ತನಗೇ ಕೇಳ್ಸಲ್ಲ ಅನ್ನೋಳು ಹಾಡೋಕ್ಯಾಕೆ ಬರ್ಬೇಕು?’ ಎಂದು ಯಜಮಾನರು ಎಲ್ಲರೆದುರು ನಕ್ಕರು. ತಂಡದವರೂ ನಕ್ಕರು. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಅಣ್ಣ ನಗಲಿಲ್ಲ. ಮುಂದಿನ ಕಾರ್ಯಕ್ರಮ ಹೊಳಲ್ಕೆರೆಯಲ್ಲಿ. ಎಲ್ಲರಿಗಿಂತ ಮೊದಲೇ ಬಂದು ವೇದಿಕೆಯ ಮೇಲೆ ವೈರು ಹರಡಿಕೊಂಡು ಕೂತಿದ್ದರು. ಅವರ ಕಾಲ ಬಳಿ ಸದಾ ಒಂದು ಪ್ರೊಸೆಸರ್ ಇರುತ್ತಿತ್ತು. ಗಿಟಾರಿನ ದನಿಯನ್ನು ಬೇಕಾದ ಹಾಗೆ ಬದಲಿಸುವ, ಪಾದದಿಂದ ಒತ್ತುವ ಗುಂಡಿಗಳಿರುವ ಲೋಹದ ಡಬ್ಬಿ. ಅಂದು ನನ್ನ ದನಿ, ಸ್ವಲ್ಪ ಕೀಬೋರ್ಡು, ಸ್ವಲ್ಪ ತಾಳ ಇಷ್ಟನ್ನು ಮಿಕ್ಸರಿನಿಂದ ಬೇರೆ ವೈರಿನಲ್ಲಿ ತಂದು ಆ ಡಬ್ಬಿಗೆ ಸಿಕ್ಕಿಸಿದ್ದರು. ಒಳಗೆ ಎರಡು ದಾರಿ ಮಾಡಿದ್ದರು. ಒಂದರಲ್ಲಿ ಗಿಟಾರು, ಇನ್ನೊಂದರಲ್ಲಿ ನಾನು. ನನ್ನ ದಾರಿಯಲ್ಲಿ ಗುಂಯ್‌ಗುಡುವುದನ್ನು ತೆಗೆದು, ಗುಡಿಯೊಳಗೆ ನಿಂತು ಹಾಡಿದಂಥ ಒಂದಿಷ್ಟು ಮೊಳಗು ಬೆರೆಸಿ, ಕೊನೆಯಲ್ಲಿ ಲಿಮಿಟರ್ ಎಂಬ ತಡೆ ಇಟ್ಟಿದ್ದರು. ಮೈಕು ಎಷ್ಟೇ ಕೂಗಿಕೊಂಡರೂ ಕಿವಿಗೆ ಒಂದು ಮಿತಿಯ ಮೇಲೆ ಶಬ್ದ ಹೋಗದ ಹಾಗೆ ಅದು ತಡೆಯುತ್ತದೆ. ಡಬ್ಬಿಯಿಂದ ಗಿಟಾರಿನ ದನಿ ಹೊರಹೋಗುವ ಎರಡು ವೈರುಗಳಲ್ಲಿ ಒಂದನ್ನು ನನಗೆ ಬಿಟ್ಟುಕೊಟ್ಟಿದ್ದರು. ಇಯರ್‌ಫೋನೂ ಅವರದೇ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಕೈಗಿಟ್ಟರು.

‘ಆ ತಡೆ ಮುಖ್ಯ ಕಣಮ್ಮ. ಗಂಟಲು ಕಟ್ಟಿದ್ರೆ ಬಿಡ್ತತೆ. ಕಿವಿ ಹೋದ್ರೆ ಬರಲ್ಲ,’ ಎಂದರು.

ಅಂದು ಹಾಡುತ್ತಾ ನನ್ನ ಉಸಿರು ನನಗೆ ಕೇಳಿಸಿತು. ಎಲ್ಲಿ ಸ್ವರ ಇಳಿಯುತ್ತಿದೆ, ಎಲ್ಲಿ ಸುಮ್ಮನೆ ಒತ್ತುತ್ತಿದ್ದೇನೆ ಎಲ್ಲ ತಿಳಿಯಿತು. ಅರ್ಧ ಗಂಟಲಲ್ಲಿ ಹಾಡಿದರೂ ಸಾಕಾಗುತ್ತಿತ್ತು. ಕೆಲವು ತಿಂಗಳಲ್ಲಿ ದನಿ ಮೊದಲಿನಂತಾಯಿತು. ಇದೆಲ್ಲ ಯಜಮಾನರಿಗೆ ಗೊತ್ತೇ ಇರಲಿಲ್ಲ. ಅವರು ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಕಾರಿನಲ್ಲಿ ಬಂದು ಮುಂದೆ ಕೂರುವವರು.

ಹಿರಿಯೂರಿನ ಆರತಕ್ಷತೆಯ ದಿನ ಮಾತ್ರ ಬೇಗ ಬಂದರು. ಇನ್ನೂ ಸಂಜೆಯ ಬಿಸಿಲಿತ್ತು. ಗಿಟಾರಿನ ಪಕ್ಕದಿಂದ ನನ್ನ ಕಡೆ ಬಂದ ವೈರು ಅವರ ಕಣ್ಣಿಗೆ ಬಿತ್ತು.

‘ಏನಪ್ಪ ಇದು? ಅದಕ್ಕೇ ಗಿಟಾರು ಸಣ್ಣಗೆ ಕೇಳ್ತೈತೆ,’ ಎಂದು ಡಬ್ಬಿಯಿಂದ ವೈರನ್ನು ಕಿತ್ತರು. ಅದನ್ನು ಒಯ್ದು ನೇರವಾಗಿ ಮಿಕ್ಸರಿಗೇ ಸಿಕ್ಕಿಸಿದರು.

‘ನೇರ ಹಾಕ್ಬ್ಯಾಡ್ರಿ ಯಜಮಾನ್ರೆ. ಮೈಕ್ ಕೂಗಿದ್ರೆ ತಡಿಯಾಕೆ ಮಧ್ಯೆ ಏನೂ ಇರಲ್ಲ,’ ಎಂದರು ಅಣ್ಣ.

‘ಇಷ್ಟು ವರ್ಷ ತಂಡ ನಡ್ಸಿದೋನಿಗೆ ನೀನು ಕಲಿಸ್ಬ್ಯಾಡ.’

ನಾನು ಇಯರ್‌ಫೋನ್ ಕಿವಿಯ ಹತ್ತಿರ ತಂದಿದ್ದೆ. ಅಣ್ಣ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ‘ತಡಿಯಮ್ಮ, ಮೊದ್ಲು ನಾನು ನೋಡ್ತೀನಿ.’ ಎಡಗಿವಿಗೆ ಹಾಕಿದರೆ ಅವರಿಗೆ ತಿಳಿಯುತ್ತಿರಲಿಲ್ಲ, ಬಲಗಿವಿಗೇ ಹಾಕಿಕೊಂಡರು. ಯಜಮಾನರು, ‘ಕೇಳ್ತೈತಾ ಈಗ?’ ಎನ್ನುತ್ತಾ ನನ್ನ ಮೈಕಿನ ವಾಲ್ಯೂಮನ್ನು ಒಂದೇ ಸಲಕ್ಕೆ ತುದಿಗೆ ತಳ್ಳಿದರು. ಸ್ಪೀಕರಿನ ಮುಂದಿದ್ದ ಮೈಕು ಕುಯ್ಯೆಂದು ಕೂಗಿಕೊಂಡಿತು. ಛತ್ರದಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಅಣ್ಣ ಇಯರ್‌ಫೋನ್ ಕಿತ್ತೆಸೆದು ಹಾಗೇ ಕುಸಿದು ಕೂತರು.

ನಾನು ಬಾಗಿ ಏನೋ ಕೇಳಿದೆ... ಏನು ಕೇಳಿದೆನೋ ನೆನಪಿಲ್ಲ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು.

ಅಂಥ ಸ್ಥಿತಿಯಲ್ಲೂ ಯಜಮಾನರು ಅವರಿಂದ ಕಾರ್ಯಕ್ರಮ ಮಾಡಿಸಿದರು. ಮದುವೆ ಮನೆಯವರ ಎದುರು ಮರ್ಯಾದೆ ಹೋಗಬಾರದಲ್ಲ. ಅಣ್ಣ ಡ್ರಮ್ಸಿನವನ ಕೋಲುಗಳನ್ನೇ ನೋಡುತ್ತಾ ನುಡಿಸಿದರು. ಮಾರನೆಯ ದಿನ ಚಿತ್ರದುರ್ಗದಲ್ಲಿ, ಆಮೇಲೆ ದಾವಣಗೆರೆಯಲ್ಲಿ ತೋರಿಸಿದರು. ಕಿವಿಯ ನರಕ್ಕೆ ಪೆಟ್ಟಾಗಿದೆ, ವಾಪಸು ಬರುವುದಿಲ್ಲ ಎಂದರು ಡಾಕ್ಟರು. ಕಿವಿಗೆ ಮಿಷನ್ ಹಾಕಿಸಿದರು. ಅದರಲ್ಲಿ ಮಾತು ಅಷ್ಟಿಷ್ಟು ಕೇಳುತ್ತಿತ್ತು, ಸಂಗೀತ ಕೇಳುತ್ತಿರಲಿಲ್ಲ. ‘ಸ್ವರ ಎಲ್ಲ ಒಡ್ದೋಗಿ ಬರ್ತವೆ ಕಣಮ್ಮ,’ ಎಂದಿದ್ದರು.

ಇಷ್ಟೇ ಆಗಿದ್ದರೆ ಕೆಟ್ಟ ಗಳಿಗೆ ಎಂದುಕೊಳ್ಳಬಹುದಿತ್ತು. ಯಜಮಾನರು ಒಂದು ದಿನ ಚಿಕ್ಕಜಾಜೂರಿಗೆ ಹೋಗಿ ಅವರ ಮನೆಯಲ್ಲಿ ಕೂರಲಿಲ್ಲ. ಅದರ ಬದಲು, ‘ಅವನ ಡಬ್ಬೀನೇ ಕೆಟ್ಟಿತ್ತು. ಅದ್ರಿಂದ್ಲೇ ಆಗಿದ್ದು. ಬ್ಯಾಡ ಅಂದ್ರೂ ಕೇಳಲಿಲ್ಲ,’ ಎಂದು ಹೋದಲ್ಲೆಲ್ಲ ಹೇಳಿಕೊಂಡು ಬಂದರು. ಆ ಡಬ್ಬಿ ಮಧ್ಯದಲ್ಲಿ ಇದ್ದಿದ್ದರೆ ಆ ಕಿವಿ ಉಳಿಯುತ್ತಿತ್ತು. ಅದನ್ನು ಕಿತ್ತವರೇ ಅದರ ಮೇಲೆ ತಪ್ಪು ಹೊರಿಸಿದರು. ತಂಡದವರೆಲ್ಲ ಕಣ್ಣಾರೆ ನೋಡಿದ್ದರು. ನಾನು ಅವರೆದುರೇ ಯಜಮಾನರಿಗೆ ಸುಳ್ಳು ಹೇಳಬೇಡಿ ಎಂದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಆ ದಿನವೇ ತಂಡ ಬಿಟ್ಟೆ.

ಬಿಡುವಾದಾಗ ಚಿಕ್ಕಜಾಜೂರಿಗೆ ಹೋಗುತ್ತಿದ್ದೆ. ಅತ್ತಿಗೆ ‘ಬಾರಮ್ಮ, ಕುಂತ್ಕ’ ಎಂದು ಮಂಡಕ್ಕಿ ಕಲೆಸಿ ಕೊಡುತ್ತಿದ್ದರು. ಒಮ್ಮೆ ಅಣ್ಣ ಗಿಟಾರನ್ನು ಎದೆಗೊತ್ತಿ ಹಿಡಿದು ತಂತಿ ಮೀಟುತ್ತಿದ್ದರು. ನನ್ನನ್ನು ಕಂಡು, ‘ಶ್ರುತಿ ಸರಿ ಐತೇನಮ್ಮ?’ ಎಂದರು. ಒಂದು ತಂತಿಯೂ ಸರಿಯಿರಲಿಲ್ಲ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಗಿಟಾರನ್ನು ನನ್ನ ತೊಡೆಯ ಮೇಲಿಟ್ಟರು. ನಾನು ತಿರುಪು ತಿರುಗಿಸುತ್ತಾ ಹೋದೆ, ಅವರು ನನ್ನ ಮುಖ ನೋಡುತ್ತಾ ಕೂತರು. ಅತ್ತಿಗೆ ಒಳಗೆ ಹೋದರು. ಹೋದ ವರ್ಷ ಅಣ್ಣ ತೀರಿಕೊಂಡರು, ಹೃದಯದ ಕಾಯಿಲೆಯಿಂದ. ತಂಡದಿಂದ ಯಾರೂ ಮಣ್ಣಿಗೆ ಬರಲಿಲ್ಲ.

ಹೊಸದುರ್ಗದ ಸಭೆಯಲ್ಲಿ ಯಜಮಾನರು ಶಾಲು ಹೊದ್ದು ಕೂತಿದ್ದರು. ಈ ಭಾಗದಲ್ಲಿ ಎಲ್ಲ ಹಾಡುಗಾರರಿಗೂ ಇಯರ್‌ಫೋನ್ ಕೊಟ್ಟ ಮೊದಲಿಗರು ಇವರೇ ಎಂದು ನಿರೂಪಕಿ ಓದಿದರು. ಚಪ್ಪಾಳೆ ಬಿತ್ತು. ನನ್ನ ಸರದಿ ಬಂದಾಗ ಎದ್ದು ಹೋಗಿ ಮೈಕು ಹಿಡಿದೆ. ನನಗೆ ಮೊದಲು ಇಯರ್‌ಫೋನ್ ಕೊಟ್ಟವರು ಯಾರು, ಹಿರಿಯೂರಿನಲ್ಲಿ ವೈರು ಕಿತ್ತವರು ಯಾರು, ಎರಡನ್ನೂ ಹೇಳಿದೆ. ದನಿ ಏರಿಸಲಿಲ್ಲ.

‘ಅದು ಆಕ್ಸಿಡೆಂಟ್ ಕಣಮ್ಮ. ಬೇಕಂತ ಮಾಡಿದ್ನಾ ನಾನು?’ ಯಜಮಾನರು ಕೂತಲ್ಲಿಂದಲೇ ಅಂದರು.

‘ಕೂಗಿಸಿದ್ದು ಆಕ್ಸಿಡೆಂಟೇ ಯಜಮಾನ್ರೆ. ಡಬ್ಬೀದು ತಪ್ಪು ಅಂತ ಊರೂರಲ್ಲಿ ಹೇಳ್ಕೊಂಡು ಬಂದ್ರಲ್ಲ, ಅದು ಆಕ್ಸಿಡೆಂಟ್ ಅಲ್ಲ.’

ಅವರು ಶಾಲು ಸರಿಮಾಡಿಕೊಂಡರು. ಸಂಘಟಕರೊಬ್ಬರು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. ನಾನು ಹಾಡಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಅತ್ತಿಗೆಗೆ ಫೋನ್ ಮಾಡಿದೆ.

‘ಎಲ್ರ ಮುಂದೇನೆ ಹೇಳಿದ್ಯಾ?’

‘ಹೇಳ್ದೆ ಅತ್ತಿಗೆ.’



‘ಹೋದ ವರ್ಷನೇ ಈ ಸಭೆ ಇಟ್ಟಿದ್ರೆ ನಿಮ್ಮಣ್ಣನ್ನ ಕರ್ಕಂಡು ಬರ್ತಿದ್ದೆ ಕಣಮ್ಮ,’ ಎಂದರು. ‘ಕೇಳ್ಸದಿದ್ರೂ, ನಿನ್ನ ಬಾಯಿ ನೋಡಿ ತಿಳ್ಕಂತಿದ್ರು.’