ಏಳನೆಯ ಹೆಸರು

ದಾಸನಕೊಪ್ಪದ ಮಹೇಶ್ವರಿ ಶಿರಸಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಸೈನ್ಸ್ ಕಲಿಸುತ್ತಿದ್ದಾಳೆ. ಪಾಠ ಚೆನ್ನಾಗಿ ಮಾಡುತ್ತಾಳೆಂದು ಹುಡುಗರು ಹೇಳುತ್ತಾರೆ. ಆದರೆ ಬರೀ ಪಾಠ ಮಾಡಿ ಮೇಲೆ ಬಂದವರನ್ನು ಈ ಕಾಲದಲ್ಲಿ ಯಾರೂ ಕಂಡಿಲ್ಲ. ಬಡ್ತಿ ಬೇಕಾದರೆ ಸಂಶೋಧನೆಯ ಪೇಪರ್ ಬೇಕು. ಪೇಪರ್ ಇರುವುದು ಓದುವುದಕ್ಕಲ್ಲ, ಎಣಿಸುವುದಕ್ಕೆ.

ಎಣಿಕೆಯಲ್ಲಿ ವಿಭಾಗದ ಮುಖ್ಯಸ್ಥ ವಿಘ್ನೇಶ್ವರ ಸರ್ ಅವರನ್ನು ಮೀರಿಸುವವರಿಲ್ಲ. ಹೋದ ವರ್ಷ ಅವರದು ಮೂವತ್ತೆಂಟು. ಹತ್ತು ದಿನಕ್ಕೊಮ್ಮೆ ಲೋಕಕ್ಕೆ ಹೊಸ ಜ್ಞಾನ ಕೊಡುವ ಈ ಮನುಷ್ಯ, ತನ್ನ ಪ್ರಿಂಟರ್ ಜೋಡಿಸಲು ಮಾತ್ರ ಲ್ಯಾಬಿನಿಂದ ಯಾರನ್ನಾದರೂ ಕರೆಸುತ್ತಿದ್ದರು. ಕೆಟ್ಟವರೇನಲ್ಲ. ಯಾರ ಪೇಪರ್ ಹೊರಟರೂ ತುಂಬುಮನಸ್ಸಿನಿಂದ ಆಶೀರ್ವಾದ ಮಾಡುತ್ತಿದ್ದರು, ಜೊತೆಗೆ ತಮ್ಮ ಹೆಸರನ್ನೂ ಕೊಡುತ್ತಿದ್ದರು.

ಮಹೇಶ್ವರಿ ಎರಡು ಹಂಗಾಮು ಶುಂಠಿ ಹೊಲಗಳಲ್ಲಿ ಅಲೆದು ನಾಲ್ಕು ಸಾವಿರ ಎಲೆಗಳ ಫೋಟೋ ತೆಗೆದಳು. ಎಲೆ ತೋರಿಸಿದರೆ ಕೊಳೆರೋಗ ಇದೆಯೋ ಇಲ್ಲವೋ ಎಂದು ಮೊಬೈಲೇ ಹೇಳಬೇಕು, ಅಂಥ ಪ್ರೋಗ್ರಾಂ ಅವಳದು. ನೂರಕ್ಕೆ ತೊಂಬತ್ತೊಂದು ಸಲ ಅದು ಸರಿಯಾಗಿ ಹೇಳಿತು. ಪೇಪರ್ ಬರೆದು ಸರ್ ಮುಂದಿಟ್ಟಳು.

"ಎಲ್ಲರ ಹೆಸರೂ ಹಾಕಿಬಿಡಿ ಮೇಡಂ. ಹಾಕಿದ್ರೆ ಎಂತ ಹೋಗ್ತದೆ?" ಎಂದರು ಸರ್.

ಯಾರದು ಎಲ್ಲಿ ಎಂದು ಅವರು ಹೇಳಲಿಲ್ಲ. ಎಡವಟ್ಟು ಮಾಡಿಕೊಂಡದ್ದು ಮಹೇಶ್ವರಿಯೇ. ಅವಳ ಮನೆಯ ಲಗ್ನಪತ್ರಿಕೆಗಳಲ್ಲಿ ಮೊದಲು ಮಠದ ಸ್ವಾಮಿಗಳು, ಆಮೇಲೆ ಹಿರಿಯರು, ಮೈಮುರಿದು ಓಡಾಡಿ ಮದುವೆ ಮಾಡುವವರು ಕಟ್ಟಕಡೆಗೆ. ಅದೇ ಮರ್ಯಾದೆಯಿಂದ ಪ್ರಾಂಶುಪಾಲರನ್ನು ಮೊದಲಿಟ್ಟಳು, ವಿಘ್ನೇಶ್ವರ ಸರ್ ಅವರನ್ನು ಎರಡನೆಯವರಾಗಿ ಕೂರಿಸಿದಳು, ವಿಭಾಗದ ಇನ್ನೂ ನಾಲ್ವರನ್ನು ಸೇವಾ ಹಿರಿತನದಂತೆ ಸೇರಿಸಿ ತಾನು ಏಳನೆಯವಳಾದಳು. ಪೇಪರ್ ಅಚ್ಚಾದ ಮೇಲೆ ಬಡ್ತಿಯ ನಿಯಮ ತೆಗೆದು ನೋಡಿದರೆ, ಅಂಕವೆಲ್ಲ ಮೊದಲ ಹೆಸರಿಗೆ. ಏಳನೆಯದಕ್ಕೆ ಸೊನ್ನೆ. ವಿನಯಕ್ಕೆಂದು ಬೇರೆ ಕಾಲಂ ಇರಲಿಲ್ಲ.

ಆರು ತಿಂಗಳು ಅವಳದು ಒಂದೇ ದೂರು. ಸ್ಟಾಫ್ ರೂಮಿನಲ್ಲೂ ಅದೇ ಮಾತು, ಬಸ್ಸಿನಲ್ಲೂ ಅದೇ ಮಾತು: ದುಡಿದವಳು ನಾನು, ಹೆಸರು ಅವರದು.

ಬಡ್ತಿಯ ಸಂದರ್ಶನಕ್ಕೆ ಹೊರಗಿನಿಂದ ಬಂದ ಹಿರಿಯ ಪ್ರೊಫೆಸರರೊಬ್ಬರು ಪೇಪರನ್ನು ನಿಜಕ್ಕೂ ಓದಿಕೊಂಡು ಬಂದಿದ್ದರು. ಇದು ಆ ಕಟ್ಟಡದಲ್ಲಿ ಹಿಂದೆಂದೂ ನಡೆದದ್ದಲ್ಲ. ಏಳು ಜನರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು ಎಂದು ಕೇಳಿದರು. ಅವಳು ಕಾದಿದ್ದೇ ಇದಕ್ಕೆ. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬಿಡಿಸಿ ಹೇಳಿದಳು.

"ದುಡದವ್ರ ಹೆಸರ ಮೊದ್ಲ ಇರ್ಬೇಕ್ರಿ ಸರ. ಕುರ್ಚಿ ನೋಡಿ ಹೆಸರ ಹಾಕೂದು ಅನ್ಯಾಯ ಐತ್ರಿ."

ಪ್ರೊಫೆಸರರು ತಲೆದೂಗಿದರು. ಅಂಕದ ವಿಷಯ ಏನಾದರೂ ಮಾಡೋಣ ಎನ್ನುವಷ್ಟು ಮೆತ್ತಗಾದರು. ಆಮೇಲೆ ಅವರಿಗೊಂದು ಸಣ್ಣ ಸಂಶಯ ಬಂತು. ಕೊಳೆ ಹತ್ತಿದ ಎಲೆಯೂ ಹಳದಿ, ಗೊಬ್ಬರ ಸಾಲದ ಎಲೆಯೂ ಹಳದಿ. ಯಾವುದು ಯಾವುದೆಂದು ಮೊದಲು ಮನುಷ್ಯರೇ ಗುರುತು ಹಾಕಿ ಮೊಬೈಲಿಗೆ ಕಲಿಸಬೇಕಲ್ಲ, ಆ ನಾಲ್ಕು ಸಾವಿರ ಎಲೆ ಗುರುತಿಸಿದ್ದು ಯಾರು ಎಂದು ವಿಚಾರಿಸಿದರು. ಆ ಗುರುತು ತಪ್ಪಿದ್ದರೆ ಉಳಿದದ್ದೆಲ್ಲ ದಂಡ ಎಂದೂ ಸೇರಿಸಿದರು.

"ನಮ್ಮವ್ವ ಗಿರಿಜವ್ವ ರೀ. ಹೊಲದಾಗ ಶುಂಠಿ ಬೆಳ್ಯಾಕಿ ಆಕಿ, ನನಗ ಗೊತ್ತಾಗೂದಿಲ್ರಿ. ಆಕಿನ ಒಂದೊಂದ ಎಲಿ ನೋಡಿ ಹೇಳ್ಯಾಳ್ರಿ."

ಪ್ರೊಫೆಸರರು ಮೊದಲ ಪುಟಕ್ಕೆ ತಿರುಗಿ ಹೆಸರುಗಳ ಮೇಲೆ ಬೆರಳಾಡಿಸಿದರು.

"ಅವ್ರ ಹೆಸರು ಎಷ್ಟನೇದು?"

"ಹಾಕಿಲ್ರಿ," ಎಂದಳು ಮಹೇಶ್ವರಿ. "ಆಕಿ ಕೇಳ್ಲಿಲ್ರಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಅವಳ ಕಿವಿಗೂ ಬಿತ್ತು.