ಅಭಿಪ್ರಾಯದ ಹಾಳಿಗೆ ಹಚ್ಚಿದ ಅರಿಶಿಣ

ನಮ್ಮವರು ಬಸ್ಸಿನ ಸಂಸ್ಥೆಯಲ್ಲಿ ಡ್ರೈವರ್ ಇದ್ದರು. ಸಂಸ್ಥೆ ಅಂದರೆ ಸಣ್ಣದಲ್ಲ, ಎಷ್ಟು ಸಾವಿರ ಮಂದಿ ಅದರಲ್ಲಿ ದುಡಿಯುತ್ತಿದ್ದರೋ ಶಿವನೇ ಬಲ್ಲ. ನನಗೆ ಗೊತ್ತಿದ್ದದ್ದು ಗಂಗಾವತಿಯ ಡಿಪೋ ಒಂದೇ, ಮತ್ತೆ ಅದರ ಹಿಂದಿನ ಓಣಿಯಲ್ಲಿ ಸಾಲಾಗಿದ್ದ ನಮ್ಮ ಬಾಡಿಗೆ ಮನೆಗಳು. ಒಂದರಲ್ಲಿ ನಾವು, ಗೋಡೆಯಾಚೆ ಕಂಡಕ್ಟರ್ ಮನೆಯವರು, ಅದರಾಚೆ ಮೆಕ್ಯಾನಿಕ್ ಸಾಹೇಬರು. ಎಲ್ಲರಿಗೂ ಸೇರಿ ನಳ ಒಂದೇ. ಅಕ್ಕಿ ಮಿಲ್ಲಿನ ಬೂದಿ ಹಾರಿ ಬಂದು ಒಣಹಾಕಿದ ಅರಿವೆ ಮೇಲೆ ಕೂಡುತ್ತಿತ್ತು. ಆದರೂ ನಳಕ್ಕೆ ನೀರು ಬಾರದ ದಿನ ಕಡಿಮೆ, ಮಗಳ ಸಾಲಿ ಓಣಿಯ ತುದಿಗೇ ಇತ್ತು, ಇವರು ಸಂಜೆಗೆ ಮನೆಗೆ ಬರುವಂಥ ರೂಟು ಸಿಕ್ಕಿತ್ತು. ದಿನಾ ದೇವರ ಮುಂದೆ ದೀಪ ಹಚ್ಚುವಾಗ ಈ ಮೂರನ್ನೂ ನೆನೆಸಿ ಕೈ ಮುಗಿಯುತ್ತಿದ್ದೆ.

ಎಂಬತ್ತರ ದಶಕದ ಮೊದಲಿನ ವರ್ಷಗಳು. ಒಂದು ದಿನ ಇವರು ಕಿಸೆಯಿಂದ ಮಡಿಚಿದ ಹಾಳಿ ತೆಗೆದು ನನ್ನ ಮುಂದೆ ಇಟ್ಟರು. ಸಂಸ್ಥೆಯ ದೊಡ್ಡ ಆಫೀಸಿನಿಂದ ಡಿಪೋದ ಪ್ರತಿಯೊಬ್ಬರಿಗೂ ಒಂದೊಂದು ಬಂದಿತ್ತಂತೆ. ಇಲ್ಲಿ ಕೆಲಸ ಮಾಡುವುದು ನಿಮಗೆ ಹೇಗೆ ಅನಿಸುತ್ತದೆ, ಮನಸ್ಸು ಬಿಚ್ಚಿ ಬರೆಯಿರಿ, ಹೆಸರು ಮಾತ್ರ ಬರೆಯಬೇಡಿ ಎಂದಿತ್ತು. ಬರೆದದ್ದನ್ನು ಡಿಪೋದಲ್ಲಿ ಕೀಲಿ ಹಾಕಿ ಇಟ್ಟಿದ್ದ ಡಬ್ಬಿಗೆ ಹಾಕಬೇಕು, ದೊಡ್ಡ ಆಫೀಸಿನ ಸಾಹೇಬರು ಬಂದು ತೆಗೆಯುತ್ತಾರೆ.

ಇವರಿಗೆ ಊರಿನ ಬೋರ್ಡು ಓದಲಿಕ್ಕೆ, ಸಹಿ ಮಾಡಲಿಕ್ಕೆ ಬರುತ್ತಿತ್ತು, ಉದ್ದ ಬರೆಯುವುದಂದರೆ ಬೆವರು ಇಳಿಯುತ್ತಿತ್ತು. ನಾನು ಏಳನೇತ್ತೆ ಪಾಸಾದವಳು. ಹಂಗಾಗಿ ಬರೆಯುವುದು ನನ್ನ ಪಾಲಿಗೆ ಬಂತು. ರೊಟ್ಟಿ ಬಡಿದಾದ ಮೇಲೆ ಕೈ ತೊಳೆದು ಕೂತೆ.

“ಎಲ್ಲಾ ಛಲೋ ಐತಿ ಅಂತ ಬರಿ. ಮುಗೀತು,” ಅಂದರು.

“ದಿನಾ ಉಣ್ಣಾಕ ಕುಂತಾಗ ನನ್ನ ಮುಂದ ಹೇಳ್ತೀರಲ್ಲ, ಅದನ್ನ ಬರಿಲೇನ್ರಿ?”

“ಸಂಸ್ಥೆ ಅಂದ್ರ ಯಾರಂತ ಬರಿತಿ? ಅದರ ಮುಖಾ ನಾ ಒಮ್ಮೆನೂ ನೋಡಿಲ್ಲ.”

“ದೇವರ ಮುಖಾನೂ ನೋಡಿಲ್ಲ. ದಿನಾ ಹೇಳ್ಕೊಳ್ಳೂದಿಲ್ಲೇನು?”

ನಿಧಾನಕ್ಕೆ ಬಾಯಿ ಬಿಟ್ಟರು. ಮೊದಲು ಹೊಗಳಿದರು. ಖಾಕಿ ಹಾಕಿಕೊಂಡು ಹೊರಬಿದ್ದರೆ ಓಣಿಯಲ್ಲಿ ತಾನೂ ಒಬ್ಬ ಮನುಷ್ಯ ಅನಿಸುತ್ತದೆ ಅಂದರು. ಕನಕಗಿರಿ ಸಂತೆಗೆ ಹೋದ ಮುದುಕಿಯರು ಇಳಿಯುವಾಗ ‘ನಿನ್ನ ಹೊಟ್ಟಿ ತಣ್ಣಗಿರಲೆಪ್ಪ’ ಅಂತಾರೆ, ಅದನ್ನೂ ಬರಿ ಅಂದರು. ನಾನು ಎಲ್ಲ ಬರೆದೆ. ಆಮೇಲೆ, “ಊರ ಮಂದಿನ್ನೆಲ್ಲಾ ಹಬ್ಬಕ್ಕ ಮುಟ್ಟಿಸಿ ಬರಾಂವ ನಾ. ನನ್ನ ಯಾರು ಮುಟ್ಟಸ್ತಾರ?” ಅಂದರು.

ಮಾತು ಖರೆ. ಹಬ್ಬ ಬಂತೆಂದರೆ ಬಸ್ಸು ತುಂಬುತ್ತವೆ, ಡ್ರೈವರಿಗೆ ರಜೆ ಎಲ್ಲಿಯದು? ಮದುವೆಯಾಗಿ ಎಂಟು ವರ್ಷದಲ್ಲಿ ಇವರು ಒಂದು ಹಬ್ಬಕ್ಕೂ ಬಿಸಿ ಹೋಳಿಗೆ ಉಂಡವರಲ್ಲ. ಡಿಪೋದ ಮ್ಯಾನೇಜರರು ರಜೆ ಅಂದ ಕೂಡಲೇ ಕಿಟಕಿ ಕಡೆ ಮುಖ ತಿರುಗಿಸುತ್ತಾರೆ ಅಂತ ಅದನ್ನೂ ಹೇಳಿದರು, ನಾನು ಬರೆದೆ. ಕಡೆಗೆ, ಎಲ್ಲರಿಗೂ ಪಾಳಿ ಮಾಡಿ ವರ್ಷಕ್ಕೆ ಒಂದಾದರೂ ಹಬ್ಬ ಕೊಡಿರಿ ಅಂತ ಮುಗಿಸಿದೆ. ಹೆಸರು ಬರೆಯಲಿಲ್ಲ.

ಆದರೆ ಕೈ ಸುಮ್ಮನಿರಲಿಲ್ಲ. ನಮ್ಮ ಕಡೆ ಮದುವೆ ಪತ್ರಕ್ಕೆ, ಕೂಸು ಹುಟ್ಟಿದ ಪತ್ರಕ್ಕೆ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚುತ್ತಾರೆ. ಹಳದಿ ಕಂಡರೆ ಓದುವ ಮೊದಲೇ ಮನಸ್ಸು ತಂಪಾಗುತ್ತದೆ. ಒಳ್ಳೆಯದನ್ನು ಬೇಡಿ ಬರೆದ ಹಾಳಿ ಬೋಳಾಗಿ ಹೋಗಬಾರದೆಂದು ಮರುದಿನ ಪೂಜೆ ಮಾಡುವಾಗ ನಾಲ್ಕು ಮೂಲೆಗೆ ಬೆರಳು ಅದ್ದಿ ಹಚ್ಚಿದೆ.

ಡಿಪೋಕ್ಕೆ ಹೊರಟು ನಿಂತಾಗ ಇವರು ಹಾಳಿ ನೋಡಿ ಹೊಸ್ತಿಲ ಮೇಲೇ ಕೂತುಬಿಟ್ಟರು. “ಹೆಸರು ಬರೆಯೂದೇನು ಉಳೀತು ಇನ್ನ?” ಅಂದರು.

ಆಗ ನನ್ನ ತಲೆಗೆ ಹೊಳೆಯಿತು. ಇವರ ರಜೆ ಅರ್ಜಿಗಳಿಗೂ ನಾನು ಅರಿಶಿಣ ಹಚ್ಚಿಯೇ ಕಳಿಸುತ್ತಿದ್ದೆ. ಮಗಳ ತೊಟ್ಟಿಲ ಕಾರ್ಯದ ಅರ್ಜಿ ಹಿಡಿದು ಮ್ಯಾನೇಜರರು, ಇದೇನು ಮದುವೆ ಪತ್ರವೇ ಅಂತ ಡಿಪೋದ ಮಂದಿಯನ್ನೆಲ್ಲ ನಗಿಸಿದ್ದರು. ಡಬ್ಬಿ ತೆಗೆಯುವಾಗ ಅವರೂ ಪಕ್ಕದಲ್ಲಿ ಇರುತ್ತಾರೆ. ಕಿಟಕಿಯ ಮಾತು ಓದಿದರೆ ಬೀದರಿನ ಕಡೆಗೋ ಮತ್ತೆಲ್ಲಿಗೋ ವರ್ಗ ಮಾಡಿಸದೆ ಬಿಟ್ಟಾರೆಯೇ? ನಳ, ಸಾಲಿ, ಸಂಜೆಗೆ ಬರುವ ರೂಟು, ನಾನು ದಿನಾ ಕೈ ಮುಗಿಯುತ್ತಿದ್ದ ಮೂರೂ ನನ್ನ ಬೆರಳಿನಿಂದಲೇ ಹೋಗುವಂತಾಯಿತು. ಸೆರಗಿನಿಂದ ಒರೆಸಿದೆ. ಮೂಲೆಯಲ್ಲಿದ್ದದ್ದು ಹಾಳಿಯ ನಡುವಿಗೂ ಹರಡಿತು. ಬೇರೆ ಹಾಳಿ ಕೊಡುವುದಿಲ್ಲ, ತಲೆಗೊಂದೇ. ಕೊಡದೆ ಉಳಿದರೂ ಯಾರು ಕೊಟ್ಟಿಲ್ಲವೆಂದು ತಿಳಿಯುತ್ತದೆ. ಡಬ್ಬಿಗೆ ಹಾಕಲಿಕ್ಕೆ ಮರುದಿನವೇ ಕಡೆಯ ದಿನ. ಇವರು ಹಾಳಿ ಅಲ್ಲೇ ಬಿಟ್ಟು, ಬೈಯದೆ ಡ್ಯೂಟಿಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು.

ನಳದ ಹತ್ತಿರ ಕೊಡ ಇಟ್ಟುಕೊಂಡು ನಾನು ಕಣ್ಣು ಒರೆಸುತ್ತಿದ್ದದ್ದನ್ನು ಕಂಡಕ್ಟರ್ ಹೆಂಡತಿ ನೋಡಿದಳು. ನನಗಿಂತ ಸಣ್ಣವಳು, ಬಾಯಿ ಮಾತ್ರ ಡಿಪೋದಲ್ಲಿ ಕೂಗುವ ಭೋಂಗಾದಷ್ಟು. ಎಲ್ಲ ಕೇಳಿ ಬಿದ್ದುಬಿದ್ದು ನಕ್ಕಳು. ನಕ್ಕು ಮುಗಿಸಿ ಕೊಡ ಕೆಳಗಿಟ್ಟಳು.

“ಅಕ್ಕಾ, ಒಂದು ಹಳದಿ ಇದ್ದರ ಗುರುತು ಹತ್ತತೈತಿ. ಎಲ್ಲಾ ಹಳದಿ ಆದರ ಯಾರ ಗುರುತು ಹತ್ತತೈತಿ?”

ಮನೆಯೊಳಗೆ ಹೋಗಿ ತನ್ನ ಗಂಡನ ಹಾಳಿ ತಂದು ನನ್ನ ಕಣ್ಣೆದುರೇ ಅರಿಶಿಣ ಬಳಿದಳು. ಆಮೇಲೆ ಸಾಲಿನ ಮನೆ ಮನೆಗೂ ಹೋದಳು. ಮೆಕ್ಯಾನಿಕ್ ಸಾಹೇಬರ ಬೀವಿ, “ನಮ್ಮಲ್ಲಿ ಪತ್ರಕ್ಕ ಹಚ್ಚೂ ರಿವಾಜ್ ಇಲ್ಲವ್ವಾ, ಸಾರಿಗೆ ಹಾಕೂ ಅರಿಶಿಣ ಐತಿ, ನಡೀತೈತೇನು?” ಅಂತ ಕೇಳಿ, ಅದನ್ನೇ ಒಂದು ಚಿಟಿಕೆ ಹಚ್ಚಿದಳು. ಬೇರೆ ಓಣಿಯ ಡ್ರೈವರುಗಳಿಗೆ ಗಂಡಸರು ಸುದ್ದಿ ಮುಟ್ಟಿಸಿದರು. ಮರುದಿನ ಇವರೂ ನಮ್ಮ ಹಾಳಿ ಒಯ್ದು ಡಬ್ಬಿಗೆ ಹಾಕಿದರು. ಒಬ್ಬೊಬ್ಬರ ಹಾಳಿಯಲ್ಲಿ ಏನಿತ್ತೋ ನಾನರಿಯೆ. ನಮ್ಮನ್ನು ಉಳಿಸಲಿಕ್ಕೆ ಹಚ್ಚಿದವರೆಷ್ಟೋ, ಮಜಾಕ್ಕೆ ಹಚ್ಚಿದವರೆಷ್ಟೋ ಅದೂ ಗೊತ್ತಿಲ್ಲ.

ಡಬ್ಬಿ ತೆಗೆದ ದಿನ ಆದದ್ದನ್ನು ಇವರು ಮನೆಗೆ ಬಂದು ಹೇಳಿದರು. ಮ್ಯಾನೇಜರರು ಮೊದಲ ಹಳದಿ ಹಾಳಿ ಕಂಡ ಕೂಡಲೇ ಇವರ ಕಡೆ ನೋಡಿದರಂತೆ. ಎರಡನೆಯದು ಬಂತು, ಮೂರನೆಯದು ಬಂತು, ನೋಡುವುದು ಯಾರ ಕಡೆ? ಗ್ರೀಸಿನ ಬೆರಳಿನ ಗುರುತಿದ್ದ ಹಾಳಿಗೂ ಅರಿಶಿಣ. ದೊಡ್ಡ ಆಫೀಸಿನ ಸಾಹೇಬರು ಬೆರಳಿಗೆ ಹತ್ತಿದ್ದನ್ನು ಮೂಸಿ, ಏನಿದು ಅಂತ ಕೇಳಿದರು. ಮ್ಯಾನೇಜರರು, “ನಮ್ಮ ಕಡೆ ಶುಭದ ಪತ್ರಕ್ಕ ಹಿಂಗ ಹಚ್ತಾರ್ರಿ ಸರ,” ಅಂದರಂತೆ. ಅಷ್ಟು ಹೇಳಿದ್ದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ವರ್ಗದ ಆರ್ಡರ್ ಬರಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಡಿಪೋದ ಬೋರ್ಡಿಗೆ ಹಬ್ಬದ ರಜೆಯ ಪಾಳಿ ಅಂಟಿಸಿದರು. ಸಂಸ್ಥೆಯೇ ಹೇಳಿತೋ, ಮ್ಯಾನೇಜರರೇ ಮನಸ್ಸು ಮಾಡಿದರೋ, ಇವರು ಕೇಳಲಿಲ್ಲ. ನಮ್ಮ ಪಾಲಿಗೆ ಬಂದದ್ದು ನಾಗರ ಪಂಚಮಿ. ಹೆಣ್ಣುಮಕ್ಕಳ ಹಬ್ಬ ಕೊಟ್ಟಾರ, ಜೋಕಾಲಿ ಆಡಿ ಬಾ ಅಂತ ಡಿಪೋದವರು ಕಾಡಿದರು.

ಹಬ್ಬಕ್ಕೆ ಯಲಬುರ್ಗಾ ಹತ್ತಿರದ ನನ್ನ ತವರಿಗೆ ಮೂವರೂ ಹೊರಟೆವು. ಕೊಪ್ಪಳದವರೆಗೆ ನಿಂತೇ ಹೋದೆವು. ಅಲ್ಲಿ ಬಸ್ಸು ಬದಲಿಸಿದಾಗ ಸೀಟು ಸಿಕ್ಕಿತು, ಇವರು ಮದುವೆಯಾದ ಮೇಲೆ ಮೊದಲ ಸಲ ನನ್ನ ಪಕ್ಕದ ಸೀಟಿಗೆ ಕೂತರು. ಹೊಸ ಅಂಗಿ, ತೊಡೆ ಮೇಲೆ ಮಗಳು. ಮಾತಾಡುತ್ತಾರೆ ಅಂದುಕೊಂಡಿದ್ದೆ. ಅವರ ಕಣ್ಣೆಲ್ಲ ರಸ್ತೆ ಮೇಲೆ. ತಿರುವು ಬಂದಾಗಲೆಲ್ಲ ಬಲಗಾಲು ಬಸ್ಸಿನ ತಳವನ್ನು ಒತ್ತುತ್ತಿತ್ತು.

“ಅಪ್ಪಾ, ಅಲ್ಲಿ ಬ್ರೇಕ್ ಇಲ್ಲ,” ಅಂದಳು ಮಗಳು.

ಹಿಂದಿನ ಸೀಟಿನವರೆಗೂ ನಗೆ ಹರಿಯಿತು. ಇವರೂ ನಕ್ಕರು, ಕಾಲು ಮಾತ್ರ ತೆಗೆಯಲಿಲ್ಲ. ತವರಿನಲ್ಲಿ ನಮ್ಮವ್ವ ಬೆಲ್ಲದ ಪಾಕದಲ್ಲಿ ಆಗಷ್ಟೇ ಕಟ್ಟಿದ ಬಿಸಿ ಉಂಡಿಯನ್ನು ನೇರ ಅವರ ಅಂಗೈಗೆ ಹಾಕಿದಳು. ಸುಡುತ್ತಿತ್ತು. ಈ ಕೈಯಿಂದ ಆ ಕೈಗೆ ಹಾಕಿಕೊಳ್ಳುತ್ತ, ಆರಲಿಕ್ಕೆ ಬಿಡದೆ ತಿಂದರು.