ಸಂಡಾಸಕ್ಕೂ ಒಲೆಗೂ ನಡುವೆ

ಪಂಚಾಯ್ತಿಯವರು ನನ್ನ ಕೈಗೆ ಗುಲಾಬಿ ಹೂ ಕೊಟ್ಟ ಮೇಲೆ ನಮ್ಮ ಮನೆಗೆ ಸಂಡಾಸ ಬಂತು. ಆಗ ಅವರ ಒಂದು ತಂಡ ಬೆಳಕು ಹರಿಯುವ ಹೊತ್ತಿಗೆ ಕಬ್ಬಿನ ಹೊಲದ ಬದುವಿನ ಮೇಲೆ ನಿಂತಿರುತ್ತಿತ್ತು. ನೀರಿನ ಚರಗಿ ಹಿಡಿದು ಬಯಲಕಡೆಗೆ ಹೊರಟವರನ್ನು ಕಂಡರೆ ಸೀಟಿ ಊದಿ, ಹೂ ಕೊಟ್ಟು ನಾಚಿಕೆಪಡಿಸುವುದು ಅವರ ಕೆಲಸ. ನನಗೆ ಹೂ ಕೊಟ್ಟವಳು ಮೊಮ್ಮಗಳ ವಯಸ್ಸಿನ ಹುಡುಗಿ.

"ಆಜೀ, ಘರೀ ಸಂಡಾಸ ಬಾಂಧಾ," ಎಂದಳು ಮರಾಠಿಯಲ್ಲಿ, ಮನೆಯಲ್ಲೇ ಸಂಡಾಸ ಕಟ್ಟಿಸಿರಿ ಎಂದು.

"ಹೂವ ಎಲ್ಲಿ ಮುಡೀಲೆವ್ವಾ? ಕೈಯಾಗ ಚರಗಿ ಐತಿ," ಎಂದೆ. ಜೊತೆಗಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ. ಆದರೆ ಸಂಜೆ ಕೆಲಸದಿಂದ ಮನೆಗೆ ಬಂದ ನನ್ನ ಮಗ ನಗಲಿಲ್ಲ. ಅವನು ಕುಪವಾಡದ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಾನೆ. ಅವ್ವನ ಕೈಗೆ ಹೂ ಬಂದ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತಂತೆ. ಒಂದು ತಿಂಗಳೊಳಗೆ ಹಿತ್ತಲಲ್ಲಿ ಸರಕಾರದ ಯೋಜನೆಯ ಸಂಡಾಸ ಎದ್ದು ನಿಂತಿತು.

ಎರಡು ಗುಂಡಿ ತೋಡಬೇಕು, ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಬಿಡಬೇಕು, ಮೊದಲನೆಯದು ಒಳಗೇ ಗೊಬ್ಬರವಾಗುತ್ತದೆ, ಆಮೇಲೆ ತೆಗೆದು ಹೊಲಕ್ಕೆ ಹಾಕಬಹುದು ಎಂದು ಪಂಚಾಯ್ತಿಯವರು ಹೇಳಿದ್ದರು. ತೆಗೆಯುವವರು ಯಾರು? ಕಟ್ಟಲು ಬಂದ ಗವಂಡಿಯನ್ನು ಕೇಳಿದೆ. ಅವನ ಅಪ್ಪ ಹಿಂದೆ ಊರಿನ ಹೊಲಸು ಹೊತ್ತವನು. ಅವನು ಕೈಯಲ್ಲಿದ್ದ ಗಾರೆಯ ಥಾಪಿ ಕೆಳಗಿಟ್ಟು ನನ್ನ ಮುಖ ನೋಡಿ, "ನಮ್ಮನ್ನಂತೂ ಕರೀಬ್ಯಾಡ್ರಿ ಆಜೀ. ನಮ್ಮ ಅಪ್ಪನ ಸಂಗಾಟ ಅದು ಮುಗೀತು," ಎಂದ. ಸರಿಯಾಗೇ ಹೇಳಿದ. ಆದರೆ ಆವತ್ತು ನನಗೆ ಸಿಟ್ಟು ಬಂತು. ನಾವು ಮುಟ್ಟುವವರಲ್ಲ, ಅವರು ಬರುವವರಲ್ಲ. ಅಂದರೆ ಆ ಹೊಲಸು ನಮ್ಮ ಹಿತ್ತಲಲ್ಲೇ, ಒಲೆಯಿಂದ ಇಪ್ಪತ್ತು ಹೆಜ್ಜೆಯಲ್ಲಿ, ನಾನು ಸಾಯುವವರೆಗೂ ಇರುತ್ತದೆ. ಹೊಲದಲ್ಲಾದರೆ ಹಾಗಲ್ಲ. ಬಿಸಿಲಿಗೆ ಒಣಗಿ ಮಣ್ಣಾಗುತ್ತದೆ, ನಾವು ಕೈಕಾಲು ತೊಳೆದು ಒಳಗೆ ಬರುತ್ತೇವೆ, ಮುಗಿಯಿತು.

ಅದಕ್ಕೇ ನಾನೊಂದು ಕಟ್ಟಳೆ ಮಾಡಿದೆ. ಸಂಡಾಸದೊಳಗೆ ಕಾಲಿಟ್ಟವಳು ತಲೆಯ ಮೇಲೆ ನೀರು ಹಾಕಿಕೊಂಡು, ಸೀರೆ ಬದಲಿಸಿಯೇ ಒಲೆಯ ಮುಂದೆ ಕೂಡಬೇಕು. ಒಳಗೆ ಹೋದದ್ದು ಯಾವುದಕ್ಕೇ ಇರಲಿ.

ಮಗನಿಗೆ ಇದರಿಂದ ತೊಂದರೆಯಿರಲಿಲ್ಲ. ಅವನು ಒಲೆ ಮುಟ್ಟುವವನಲ್ಲ. ನನಗೂ ಇರಲಿಲ್ಲ. ನಾನು ಅಡುಗೆ ಬಿಟ್ಟು ಎರಡು ವರ್ಷವಾಗಿತ್ತು. ಕಟ್ಟಳೆಯೆಲ್ಲ ಬಿದ್ದದ್ದು ಒಬ್ಬಳ ಮೇಲೆ, ಸೊಸೆಯ ಮೇಲೆ.

ಸೊಸೆ ಮಿರಜಿನ ಚಾಳಿನಲ್ಲಿ, ಸಾಲುಕೋಣೆಗಳ ವಠಾರದಲ್ಲಿ, ಬೆಳೆದವಳು. "ನಮ್ಮ ಚಾಳಿನ್ಯಾಗ ಹತ್ತು ಮನಿಗೆ ಎರಡು ಸಂಡಾಸ ಇದ್ವುರಿ ಅತ್ತಿ," ಎಂದಳು. "ಹಿಂಗ ಮಾಡಿದ್ರ ಅಲ್ಲಿ ಹೆಣಮಕ್ಕಳು ಎಮ್ಮಿ ಹಂಗ ದಿನಾ ಪೂರ್ತಿ ನೀರಾಗ ಇರಬೇಕಾಗ್ತಿತ್ತು."

"ಅದಕ್ಕ ಅದು ಚಾಳ, ಇದು ಮನಿ," ಎಂದೆ.

ಆಗ ಅವಳು ಬಸುರಿ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಹೆಣ್ಣುಮಕ್ಕಳ ಕೂಸುಗಳಿಗೆ ನಾನು ಆಗಲೇ ಅಜ್ಜಿಯಾಗಿದ್ದೆ, ಆದರೆ ನಮ್ಮ ಮನೆಯ ತೊಲೆಗೆ ತೊಟ್ಟಿಲು ಕಟ್ಟಿರಲಿಲ್ಲ. ಆ ಕೂಸಿಗಾಗಿ ನಾನು ಸೋಮವಾರ ಉಪವಾಸ ಮಾಡುತ್ತಿದ್ದೆ.

ಬಸುರಿಗೆ ತಾಸಿಗೊಮ್ಮೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ, ನಾನು ನಾಲ್ಕು ಹೆತ್ತವಳು. ಮೊದಲು ನಾವು ಹೆಂಗಸರು ಅದಕ್ಕೆ ದನದ ಕೊಟ್ಟಿಗೆಯ ಹಿಂದೆ ಕೂಡುತ್ತಿದ್ದೆವು. ಆ ಜಾಗದಲ್ಲೇ ಸಂಡಾಸ ಎದ್ದಿತ್ತು. ಬಚ್ಚಲು ಅಡುಗೆಮನೆಗೆ ಹತ್ತಿದ್ದು, ಅಲ್ಲಿ ಆ ಕೆಲಸ ನಡೆಯುವಂತಿರಲಿಲ್ಲ. ಥಂಡಿಯ ದಿನ. ಬೆಳಗಿನ ಹಂಡೆಯ ನೀರು ಒಂದು ಸ್ನಾನಕ್ಕೆ ಬಿಸಿ, ಆಮೇಲೆಲ್ಲ ತಣ್ಣೀರು. ಅವಳು ದಿನಕ್ಕೆ ನಾಲ್ಕು ಸಲ ಮಿಂದಳು, ಆಮೇಲೆ ಮೂರು ಸಲ, ಆಮೇಲೆ ಎರಡು. ಹೇಗೆ ಕಡಿಮೆಯಾಯಿತು ಎಂದರೆ, ನೀರು ಕುಡಿಯುವುದನ್ನು ಬಿಟ್ಟಳು. ಊಟದ ತಾಟಿನ ಪಕ್ಕದ ತಂಬಿಗೆ ತುಂಬಿದ್ದು ತುಂಬಿದಂತೆಯೇ ಇರುತ್ತಿತ್ತು. ನಾನು ಕಂಡೆ. ಹುಡುಗಿ ಶಿಸ್ತು ಕಲಿತಳು ಎಂದುಕೊಂಡೆ.

ಆ ನಡುವೆ ಪಂಚಾಯ್ತಿಯಿಂದ ಒಬ್ಬ ಹೆಂಗಸು ಬಂದಳು. ಸಂಡಾಸ ಬಳಸುತ್ತೀರಾ ಎಂದು ಕೇಳಿದಳು. ಹೌದು ಎಂದೆವು. ಸೊಸೆಯನ್ನು ಬಾಗಿಲ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದಳು. ಮಟಮಟ ಮಧ್ಯಾಹ್ನ ಸೊಸೆಯ ಕೂದಲು ಒದ್ದೆಯಾಗಿತ್ತು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಂದವಳು ಅದನ್ನು ಕೇಳಲಿಲ್ಲ. ಸಂಡಾಸದ ಬಾಗಿಲು ನೋಡಿ, ಕಾಗದದ ಮೇಲೆ ಸರಿ ಎಂದು ಗುರುತು ಹಾಕಿ ಹೋದಳು.

ಆರನೇ ತಿಂಗಳಲ್ಲಿ ಜ್ವರ ಬಂತು. ಸೊಂಟ ಹಿಡಿದುಕೊಂಡು ಮಲಗಿದಳು.

"ಅವ್ವಾ, ಜ್ವರ ಇಳೀವಲ್ದು," ಎಂದ ಮಗ.

"ಥಂಡಿ ಐತೋ. ಕಷಾಯ ಕುಡಸು, ಇಳೀತೈತಿ."

ಎರಡು ದಿನ ಹೀಗೇ ಕಳೆದೆ. ಮೂರನೆಯ ದಿನ ನಡುಗಲು ಶುರುವಾದಾಗ ರಿಕ್ಷಾದಲ್ಲಿ ಮಿರಜಿಗೆ ಒಯ್ದೆವು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತಾಳೆ ಎಂದು ಮರಾಠಿಯಲ್ಲಿ ಕೇಳಿದಳು. ಸೊಸೆ ನನ್ನ ಕಡೆ ನೋಡಿದಳು.

"ಬೇಕಾದಾಗ ಹೋಗ್ತಾಳ್ರಿ. ಮನ್ಯಾಗ ಸಂಡಾಸ ಐತಿ," ಎಂದೆ.

ಸೊಸೆ ಕಣ್ಣು ಮುಚ್ಚಿಕೊಂಡಳು. ನಂಜು ಮೂತ್ರಪಿಂಡಕ್ಕೆ ಏರಿದೆ ಎಂದರು. ನೀರು ಕುಡಿಯದೆ, ತಡೆದು ತಡೆದು ಹೀಗಾಗುವುದುಂಟು, ಇದರಿಂದಲೇ ಆಯಿತೆಂದು ಎದೆ ತಟ್ಟಿ ಹೇಳಲಾಗದು ಎಂದೂ ಡಾಕ್ಟರ್ ಹೇಳಿದಳು. ನನಗೆ ಯಾರೂ ಎದೆ ತಟ್ಟಿ ಹೇಳಬೇಕಾಗಿರಲಿಲ್ಲ. ಮರುದಿನ ಬೇನೆ ಬಂದು ಕೂಸು ಹುಟ್ಟಿತು. ಹೆಣ್ಣು. ಅಳಲಿಲ್ಲ. ಮಗ ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ನೀರು ಕುಡಿಯದ ಕಾರಣವನ್ನು ಸೊಸೆ ಅವನಿಗೂ ಹೇಳಲಿಲ್ಲ.

ಸೂತಕ ಕಳೆದು ಅವಳು ಮತ್ತೆ ಒಲೆಯ ಮುಂದೆ ಕೂತ ದಿನ ನಾನೇ ಹೇಳಿದೆ: "ಇನ್ನ ಮ್ಯಾಲೆ ತಲಿಸ್ನಾನ ಬ್ಯಾಡ. ಸಾಬೂನು ಹಚ್ಚಿ ಕೈಕಾಲು ತೊಳಕೊಂಡ ಬಾ, ಸಾಕು."

ಅವಳು ಕೇಳಿಸಿಕೊಂಡಳು. ಆದರೆ ಸಂಡಾಸದಿಂದ ಬಂದವಳು ನೆಟ್ಟಗೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಸಂಜೆಯೂ ಅದೇ. ಮರುದಿನವೂ ಅದೇ. ನೀರು ಮಾತ್ರ ಈಗ ಚೆನ್ನಾಗಿ ಕುಡಿಯುತ್ತಿದ್ದಳು, ಡಾಕ್ಟರ್ ಹೇಳಿದಷ್ಟು. ಅದಕ್ಕೇ ಆರು ಸಲ, ಏಳು ಸಲ ಮೀಯುತ್ತಿದ್ದಳು. ಬಾಜೂ ಮನೆಯವಳು ಗೋಡೆಯ ಮೇಲಿಂದ ಇಣುಕಿ, "ನಿಮ್ಮ ಸೊಸಿ ಅಂದ್ರ ಬಂಗಾರ ನೋಡ್ರಿ. ಈಗಿನ ಕಾಲದಾಗ ಇಷ್ಟು ಮಡಿ ಯಾರು ಮಾಡ್ತಾರ!" ಎಂದಳು. ನಾನು ಒಳಗೆ ಹೋದೆ.

ಹೇಳಿದರೆ ಕೇಳುವುದಿಲ್ಲ, ಮಾಡಿ ತೋರಿಸಬೇಕು ಎಂದುಕೊಂಡೆ. ಒಂದು ಮಧ್ಯಾಹ್ನ ಅವಳು ನೋಡುತ್ತಿರುವಾಗಲೇ ಸಂಡಾಸಕ್ಕೆ ಹೋಗಿ ಬಂದು, ಕೈಕಾಲು ತೊಳೆದು, ನೆಟ್ಟಗೆ ಅಡುಗೆಮನೆಗೆ ನಡೆದು ಪರಾತದಲ್ಲಿದ್ದ ಜೋಳದ ಹಿಟ್ಟಿಗೆ ಕೈ ಹಾಕಿದೆ. ಸೊಸೆ ಬಂದು ನನ್ನ ಕೈ ಸರಿಸಿ, ಪರಾತ ಎತ್ತಿಕೊಂಡು ಹೋಗಿ ಅಷ್ಟೂ ಹಿಟ್ಟನ್ನು ಎಮ್ಮೆಯ ಬಾನಿಗೆ ಸುರುವಿ ಬಂದಳು.

"ನೀರು ಹಾಕ್ಕೊಂಡ ಬರ್ರಿ ಅತ್ತಿ."

"ಬಿಡು ಅಂದೇನಲ್ಲ. ಅದರಾಗ ಯಾವ ಮೈಲಿಗಿನೂ ಇಲ್ಲ. ನಂದ ತಪ್ಪಾತು."

"ಮೈಲಿಗಿ ಇಲ್ಲಂದ್ರ ನನ್ನ ಕೂಸು ಯಾತಕ್ಕ ಹೋತ್ರಿ?"

ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವ ದನಿಯಲ್ಲೇ ಕೇಳಿದಳು. ಒಲೆಯ ಮೇಲೆ ಹಂಚು ಬರಿದೇ ಕಾಯುತ್ತಿತ್ತು. ಎದ್ದು ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಒಣಸೀರೆ ಉಟ್ಟು ಬರುವಷ್ಟರಲ್ಲಿ ಅವಳು ಬೇರೆ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು. ಈಗ ನಾವಿಬ್ಬರೂ ಮೀಯುತ್ತೇವೆ.